ಬಿಲ್ ಕೇಳದವನು ಗುಜರಿಯವನೊಬ್ಬನೇ

ಈ ವರ್ಷ ಮೂರನೆಯ ಸಲ ಪಂಪಿನ ಕೇಬಲ್ ಕಳುವಾಯಿತು. ಶ್ರೀನಿವಾಸಪುರದ ಕಡೆ ಊರಾಚೆ ನಮ್ಮದು 2 ಎಕರೆ ಟೊಮೆಟೊ, ಒಂದು ಕೊಳವೆಬಾವಿ. ವರ್ಷವಿಡೀ ಹರಿಯುವ ನದಿಯೇ ಇಲ್ಲದ ಕೋಲಾರ ಜಿಲ್ಲೆಯಲ್ಲಿ ಅದೇ ನಮ್ಮ ಗಂಗೆ, ಅದೇ ಕಾವೇರಿ.

ಸ್ಟಾರ್ಟರ್ ಪೆಟ್ಟಿಗೆಯಿಂದ ಬಾವಿಯ ಬಾಯಿಯವರೆಗಿನ 40 ಅಡಿ, ಅಷ್ಟೇ ಕಳ್ಳರಿಗೆ ಬೇಕಾದದ್ದು. ಮೇಲಿನ ಪ್ಲಾಸ್ಟಿಕ್ ಸುಟ್ಟು, ಒಳಗಿನ ತಾಮ್ರವನ್ನು ಗುಜರಿಗೆ ಹಾಕುತ್ತಾರೆ. ಹೋದ ಸಲ ಪಕ್ಕದ ನೀಲಗಿರಿ ತೋಪಿನಲ್ಲಿ ಕರಿ ಬೂದಿ ಸಿಕ್ಕಿತು. ನನ್ನ ಕೇಬಲ್ಲಿನ ಚಿತೆ! ಅವರಿಗೆ ಒಂದು ರಾತ್ರಿಯ ಕುಡಿತದ ಖರ್ಚು. ನನಗೆ ಹೊಸ ಕೇಬಲ್, ಮೆಕ್ಯಾನಿಕ್ ಕೂಲಿ, ಅವನು ಬರುವವರೆಗೆ ಬಾಡುವ ಗಿಡ.

ಪೆಟ್ಟಿಗೆಗೆ ಬೀಗ ಹಾಕಿದೆ; ಬೀಗವನ್ನೂ ಒಯ್ದರು. ಪೈಪಿನೊಳಗೆ ತೂರಿಸಿ 2 ಅಡಿ ಆಳಕ್ಕೆ ಹೂತೆ. ಎರಡು ತುದಿ ಕತ್ತರಿಸಿ ಹಾವಿನಂತೆ ಎಳೆದುಕೊಂಡರು. ಸೋಲಾರ್ ಕ್ಯಾಮೆರಾ ಹಾಕಿಸು ಎನ್ನುತ್ತಾನೆ ಬೆಂಗಳೂರಿನಲ್ಲಿರುವ ಮಗ. ಆ ಕ್ಯಾಮೆರಾವನ್ನು ಕಾಯುವವರು ಯಾರಪ್ಪಾ? ಕಾವಲಿಗೆ ಆಳು ಇಡೋಣವೆಂದರೆ ಬೆಳೆದ ಟೊಮೆಟೊ ಅವನ ಸಂಬಳಕ್ಕೇ ಸಾಲದು.

ಠಾಣೆಗೆ ಹೋದರೆ ಮೊದಲ ಪ್ರಶ್ನೆ, ‘ಕೇಬಲ್ ಕೊಂಡ ಬಿಲ್ ಇದೆಯೇ?’ ಕದ್ದ ತಾಮ್ರ ಕೊಳ್ಳುವ ಗುಜರಿಯವನು ಮಾತ್ರ ಯಾರನ್ನೂ ಬಿಲ್ ಕೇಳುವುದಿಲ್ಲ. ಕೇಳಿದ್ದರೆ ನಾನು ನೆಮ್ಮದಿಯಾಗಿ ಮಲಗುತ್ತಿದ್ದೆ.

ಈಗ ಸಂಜೆಯಾದರೆ ಕೇಬಲ್ ಬಿಚ್ಚಿ, ಸುತ್ತಿ, ಬೈಕಿನ ಹಿಂದೆ ಕಟ್ಟಿಕೊಂಡು ಮನೆಗೆ ತಂದು ಮಂಚದ ಕೆಳಗೆ ಇಡುತ್ತೇನೆ. ನಿನ್ನೆ ರಾತ್ರಿ 11 ಗಂಟೆಗೆ, ಪಂಪ್ ಓಡಲು ಬೇಕಾದ ತ್ರೀ ಫೇಸ್ ಕರೆಂಟ್ ಕೊಟ್ಟರು.