ಉದ್ದ ಹುಡುಗಿಯ ಕೈಗೊಂದು ಚೆಂಡು

ಹೆಣ್ಣುಮಗು ಸ್ವಲ್ಪ ಜಾಸ್ತಿ ಉದ್ದ ಬೆಳೆದರೆ ನಮ್ಮ ಕಡೆ ಮೊದಲು ಏಳುವ ಮಾತು ಗಂಡಿನದು. "ಇವಳಿಗೆ ಸರಿಜೋಡಿ ಎಲ್ಲಿಂದ ಹುಡುಕ್ತೀರಿ?" ನಮ್ಮಕ್ಕ ಎಸ್ಸೆಸ್ಸೆಲ್ಸಿಗೆ ಬರುವಷ್ಟರಲ್ಲಿ ಅಪ್ಪನ ಎತ್ತರಕ್ಕೆ ಬಂದಿದ್ದಳು. ಅತ್ತೆ, ದೊಡ್ಡಮ್ಮಂದಿರ ಈ ಮಾತು ಕೇಳಿ ಕೇಳಿ ಬೆನ್ನು ಬಗ್ಗಿಸಿ ನಡೆಯೋದು ರೂಢಿಯಾಯ್ತು. ಶಾಲೆಯಲ್ಲಿ ಲಾಸ್ಟ್ ಬೆಂಚು, ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲು. ಅವಳ ಕೈಗೊಂದು ಚೆಂಡು ಕೊಟ್ಟು ನೋಡೋಣ ಅಂತ ಯಾರಿಗೂ ಹೊಳೆಯಲಿಲ್ಲ.

ನಾನೀಗ ಇರುವುದು ಯುರೋಪಿನ ಲಾಟ್ವಿಯಾ ದೇಶದ ರಾಜಧಾನಿ ರಿಗಾದಲ್ಲಿ. ಜಗತ್ತಿನಲ್ಲೇ ಎಲ್ಲರಿಗಿಂತ ಎತ್ತರದ ಹೆಂಗಸರು ಈ ದೇಶದವರು ಅಂತ 2016ರಲ್ಲಿ ಒಂದು ಅಧ್ಯಯನ ಬಂದಿತ್ತು. ಸರಾಸರಿ ಸುಮಾರು 170 ಸೆಂಟಿಮೀಟರ್. ಅದರ ಮೇಲೆ ಹೈಹೀಲ್ಸ್ ಬೇರೆ! ಟ್ರಾಮಿನಲ್ಲಿ ಇವರ ನಡುವೆ ನಿಂತರೆ ಕುಳ್ಳ ನಾನೇ.

ಈ ಊರಿನ ಹೆಮ್ಮೆ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಉಲ್ಯಾನಾ ಸೆಮ್ಯೋನೊವಾ. ಎತ್ತರ 2.10 ಮೀಟರ್, ನಮ್ಮ ಲೆಕ್ಕದಲ್ಲಿ ಏಳಡಿಗೆ ಸುಮಾರು ಒಂದೇ ಇಂಚು ಕಮ್ಮಿ. ಹುಟ್ಟಿದ್ದು 1952ರಲ್ಲಿ. ಲಿಥುವೇನಿಯಾ ಗಡಿ ಹತ್ತಿರದ ಮೆದುಮಿ ಅನ್ನೋ ಹಳ್ಳಿಯ ಕಡೆಯವರು. ಹದಿಹರೆಯದಲ್ಲೇ ಕೋಚುಗಳ ಕಣ್ಣಿಗೆ ಬಿದ್ದು ರಿಗಾ ಸೇರಿದರು. ಸೇರಿದ ತಂಡ ಟಿಟಿಟಿ, ಅಂದರೆ ನಗರದ ಟ್ರಾಮ್ ಮತ್ತು ಟ್ರಾಲಿಬಸ್ ಓಡಿಸುವ ಸಂಸ್ಥೆಯ ತಂಡ. ನಮ್ಮ ಬಿಎಂಟಿಸಿ ಹೆಂಗಸರ ಟೀಮ್ ಕಟ್ಟಿ ಏಷ್ಯಾವನ್ನೆಲ್ಲ ಸೋಲಿಸಿ ಬಂದ ಹಾಗೆ ಅಂದುಕೊಳ್ಳಿ. ಟಿಟಿಟಿ 18 ಸಲ ಯುರೋಪಿನ ಕ್ಲಬ್ ಕಪ್ ಗೆದ್ದಿತು. ಅದರಲ್ಲಿ 11 ಸಲ ಇವರು ಆಡಿದ್ದರು.

ಹಳೇ ವಿಡಿಯೊಗಳಲ್ಲಿ ಅವರ ಆಟ ನೋಡಬೇಕು. ಓಟ ನಿಧಾನ. ಆದರೆ ರಿಂಗಿನ ಹತ್ತಿರ ಬಂದು ಕೈ ಎತ್ತಿದರೆ ಮುಗೀತು. ಜೊತೆಗಾತಿಯರು ಎಲ್ಲರ ತಲೆ ಮೇಲಿಂದ ಚೆಂಡು ತೂರುತ್ತಾರೆ. ಎದುರಾಳಿಗಳು ಎಗರುತ್ತಾರೆ, ತೋಳಿಗೆ ಜೋತುಬೀಳುತ್ತಾರೆ. ಇವರು ಮಾತ್ರ ಸುಮ್ನೆ ಹಿಡಿದು, ತಿರುಗಿ, ಎಗರದೆಯೇ ರಿಂಗಿಗೆ ಹಾಕಿಬಿಡುತ್ತಾರೆ. ಅಷ್ಟುದ್ದ ಇದ್ದರೆ ಯಾರಾದರೂ ಹಾಕ್ತಾರೆ ಬಿಡಿ ಅಂತ ಮೂಗು ಮುರಿಯುವವರೂ ಇದ್ದಾರೆ. ಮೈಮೇಲೆ ಇಬ್ಬರು ಬಿದ್ದಿರುವಾಗ ಚೆಂಡು ಬಿಡದೆ ಹಿಡಿಯೋದು ಬರೀ ಉದ್ದದಿಂದ ಬರುವ ವಿದ್ಯೆಯಲ್ಲ.

1976ರ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ಸ್‌ಗೆ ಹೆಂಗಸರ ಬ್ಯಾಸ್ಕೆಟ್‌ಬಾಲ್ ಮೊದಲ ಸಲ ಬಂತು. ಲಾಟ್ವಿಯಾ ಆಗ ಸೋವಿಯತ್ ಒಕ್ಕೂಟದ ಭಾಗ. ಇವರಿದ್ದ ಸೋವಿಯತ್ ತಂಡ ಅಮೆರಿಕವನ್ನು 112–77ರಿಂದ ಚಚ್ಚಿ ಚಿನ್ನ ಗೆದ್ದಿತು. 1980ರಲ್ಲಿ ಮಾಸ್ಕೋದಲ್ಲಿ ಇನ್ನೊಂದು ಚಿನ್ನ. 1984ರಲ್ಲಿ ಸೋವಿಯತ್ ಬಹಿಷ್ಕಾರ, ಇಲ್ಲದಿದ್ದರೆ ಮೂರನೆಯದೂ ಬರುತ್ತಿತ್ತೇನೋ. ದೇಶದ ಪರ ಆಡಿದ 18 ವರ್ಷಗಳಲ್ಲಿ ಅಧಿಕೃತ ಪಂದ್ಯ ಒಂದನ್ನೂ ಅವರು ಸೋಲಲಿಲ್ಲ. 1993ರಲ್ಲಿ ಬ್ಯಾಸ್ಕೆಟ್‌ಬಾಲ್ ದಿಗ್ಗಜರನ್ನು ಗೌರವಿಸುವ ಅಮೆರಿಕದ ನೈಸ್ಮಿತ್ ಹಾಲ್ ಆಫ್ ಫೇಮ್ ಸೇರಿದರು. ಅಲ್ಲಿ ಸ್ಥಾನ ಪಡೆದ ಹೊರದೇಶದ ಮೊದಲ ಹೆಂಗಸು ಅವರೇ.

ಇಷ್ಟು ಬರೆದ ಮಾತ್ರಕ್ಕೆ ಸೋವಿಯತ್ ಪದ್ಧತಿಯೇ ಚೆನ್ನ ಅಂತ ನಾನು ಹೇಳುತ್ತಿಲ್ಲ. ಪದಕ ಬೇಕು ಅಂತ ಎತ್ತರದ ಮಕ್ಕಳನ್ನು ಹುಡುಕಿ ಹುಡುಕಿ ತರುತ್ತಿದ್ದರು. ಸೆಮ್ಯೋನೊವಾ ಅವರಿಗೆ ಹೊರದೇಶದ ಕ್ಲಬ್ ಸೇರುವ ದಾರಿ ತೆರೆದದ್ದು 35ರ ಹೊತ್ತಿಗೆ, ಮಂಡಿ ಸವೆಯುವ ವಯಸ್ಸಲ್ಲಿ. ಮೊದಲು ಸ್ಪೇನ್, ಆಮೇಲೆ ಫ್ರಾನ್ಸ್. ಹಾಗೆ ಹೋದವರ ಸಂಬಳದ ದೊಡ್ಡ ಪಾಲು ಆಗ ಸೋವಿಯತ್ ಸರ್ಕಾರಕ್ಕೇ ಹೋಗುತ್ತಿತ್ತು. ಈ ವಿಷಯದಲ್ಲಿ ನಮ್ಮದೇ ವಾಸಿ. ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆಗೋ ಬ್ಯಾಂಕಿಗೋ ಸೇರಿದ ಹುಡುಗಿಗೆ ಆಟ ಮುಗಿದರೂ ಕೆಲಸ ಉಳಿಯುತ್ತೆ. ಮನೆಯಲ್ಲಿ ಅವಳ ಮಾತಿಗೆ ಬೆಲೆಯೂ ಬರುತ್ತೆ. ತೊಂದರೆ ಏನಂದ್ರೆ, ಅಷ್ಟು ದೂರ ಹೋಗೋಕೆ ಅವಳನ್ನು ಯಾರಾದರೂ ಒಮ್ಮೆ ಬ್ಯಾಸ್ಕೆಟ್‌ಬಾಲ್ ಕೋರ್ಟಿಗೆ ಕರೆದುಕೊಂಡು ಹೋಗಬೇಕಲ್ವಾ? ಬೆಂಗಳೂರು, ಮೈಸೂರಲ್ಲಿ ಕರೆದೊಯ್ಯುವವರು ಸಿಗಬಹುದು. ನಮ್ಮ ತಾಲ್ಲೂಕಿನಲ್ಲಿ ರಿಂಗ್ ಇದ್ದ ಶಾಲೆಯನ್ನೇ ನಾನು ಕಾಣೆ.

ನನಗೆ ಪದಕಗಳಿಗಿಂತ ಹಿಡಿಸಿದ್ದು ಅವರು ಆಮೇಲೆ ಮಾಡಿದ ಕೆಲಸ. ಲಾಟ್ವಿಯಾ ಸ್ವತಂತ್ರವಾದ ಮೇಲೆ ವಯಸ್ಸಾದ, ಕಾಯಿಲೆ ಬಿದ್ದ ಒಲಿಂಪಿಯನ್ನರ ನೆರವಿಗೆ ಒಂದು ನಿಧಿ ಕಟ್ಟಿದರು. ಅದನ್ನು ನಡೆಸಿದ್ದು ಸೆಮ್ಯೋನೊವಾ. ಸೋವಿಯತ್ ಬಾವುಟದಡಿ ಗೆದ್ದವರು, ಆ ದೇಶವೇ ಇಲ್ಲವಾದ ಮೇಲೆ ಯಾರನ್ನು ಕೇಳಬೇಕು? ಕೇಳುವವರ ಕಷ್ಟ ಗೊತ್ತಿದ್ದವರೇ ಅಲ್ಲಿ ಕೂತಿದ್ದರು. ನಮ್ಮ ರಾಜ್ಯದಲ್ಲೂ ಮಾಜಿ ಕುಸ್ತಿಪಟುಗಳಿಗೆ ಮಾಸಾಶನ ಇದೆ. ಅದಕ್ಕೆ ಅರ್ಜಿ ತಗೊಳ್ಳುವ ಮೇಜಿನ ಆಚೆ ಒಬ್ಬ ಮಾಜಿ ಪೈಲ್ವಾನರನ್ನೇ ಕೂರಿಸಿದರೆ, "ನಾಳೆ ಬನ್ನಿ" ಅನ್ನೋ ಮಾತು ಅರ್ಧಕ್ಕರ್ಧ ಕಮ್ಮಿಯಾಗುತ್ತೆ ಅಂತ ನನ್ನ ಲೆಕ್ಕ.