ಗೊಬ್ಬರಕ್ಕೆ ತಂದ ಬೆಲ್ಲ

ಅಡುಗೆಮನೆಯ ಹಸಿಕಸದಿಂದ ದ್ರವಗೊಬ್ಬರ ತಯಾರಿಸುವುದನ್ನು ಬೇರೆ ಊರುಗಳಲ್ಲಿ ಕಲಿಸುವುದು ಸುಲಭವಿರಬಹುದು. ಕೊಡಗಿನಲ್ಲಿ ಅದಕ್ಕೆ ಸ್ವಲ್ಪ ಎದೆಗಾರಿಕೆ ಬೇಕು. ಹಣ್ಣು, ಸಿಹಿ, ನೀರುಗಳನ್ನು ಭರಣಿಗೆ ತುಂಬಿ ಹುಳಿ ಬರಿಸುವ ವಿದ್ಯೆಯನ್ನು ಪ್ಯಾಶನ್ ಫ್ರೂಟಿನಿಂದ ವೀಳ್ಯದೆಲೆಯವರೆಗೆ ಸಿಕ್ಕಿದ್ದರಲ್ಲೆಲ್ಲ ವೈನ್ ಮಾಡುವ ಗೃಹಿಣಿಯರಿಗೆ ಹೇಳಿಕೊಡಲು ಹೋದವನ ಪಾಡು ಏನಾಗಬೇಕೋ ನನ್ನದೂ ಅದೇ ಆಯಿತು.

ವಿರಾಜಪೇಟೆ ಕಡೆಯ ಒಂದು ಸ್ವಸಹಾಯ ಸಂಘದ ಸಭೆಯಲ್ಲಿ, ಥಾಯ್ಲೆಂಡಿನ ರೋಸುಕೋನ್ ಪೂಂಪನ್ವಾಂಗ್ ಪ್ರಚಾರಕ್ಕೆ ತಂದ ಸೂತ್ರವನ್ನು ಗಂಭೀರವಾಗಿ ವಿವರಿಸಿದೆ: ಬೆಲ್ಲ 1 ಪಾಲು, ಸಿಪ್ಪೆ 3 ಪಾಲು, ನೀರು 10 ಪಾಲು, ಕಾಯುವುದು 3 ತಿಂಗಳು. “ಈಸ್ಟ್ ಹಾಕುವುದಿಲ್ಲವಾ ಮಾಸ್ಟ್ರೇ?” ಎಂದು ಮುಂದಿನ ಸಾಲಿನಿಂದ ಪ್ರಶ್ನೆ ಬಂತು. “ಬೆಲ್ಲ ಸಾಲದು, ಕಿಕ್ ಬರುವುದಿಲ್ಲ” ಎಂದು ಹಿಂದಿನ ಸಾಲು ತೀರ್ಪು ಕೊಟ್ಟಿತು. ಕುಡಿಯುವುದು ಗಿಡ, ನಾವಲ್ಲ ಎಂದು ತಿಳಿದ ಮೇಲೆ ಅರ್ಧದಷ್ಟು ಉತ್ಸಾಹ ಇಳಿದುಹೋಯಿತು.

ನಾನು ಹೆಚ್ಚು ಒತ್ತಿ ಹೇಳಿದ್ದು ಮುಚ್ಚಳದ ವಿಷಯ. ಯೀಸ್ಟ್ ಬೆಲ್ಲವನ್ನು ತಿಂದು ಇಂಗಾಲದ ಡೈ ಆಕ್ಸೈಡ್ ಬಿಡುವುದರಿಂದ ಮೊದಲ ತಿಂಗಳು ಪ್ರತಿದಿನವೂ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ಗಾಜಿನ ಬಾಟಲಿ ಬಳಸಲೇಬಾರದು. ಆದರೆ ಒಂದು ಮನೆಯಿಂದ ಸಭೆಗೆ ಬಂದದ್ದು ಹೆಂಡತಿ, ಮನೆಯಲ್ಲಿ ಮುಚ್ಚಳ ಬಿಗಿದದ್ದು ಸೈನ್ಯದಿಂದ ನಿವೃತ್ತರಾದ ಗಂಡ. ಅವರು ಯಾವುದನ್ನೂ ಅರ್ಧ ಬಿಗಿಯುವವರಲ್ಲ. ಜೋರು ಮಳೆಯ ಒಂದು ರಾತ್ರಿ ಹಿಂದಿನ ಜಗಲಿಯಲ್ಲಿ ‘ಢಂ’ ಎಂದಾಗ, ಆನೆ ಬಂತೆಂದು ಅವರು ಕೋವಿ ಹಿಡಿದೇ ಹೊರಬಂದರು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇರುವುದು ಇಂಥ ಸಂದರ್ಭಕ್ಕಾಗಿ ಅಲ್ಲವೆಂದು ನನ್ನ ಭಾವನೆ. ಟಾರ್ಚಿನ ಬೆಳಕಿಗೆ ಸಿಕ್ಕಿದ್ದು ತಳ ಹಾರಿದ ಪ್ಲಾಸ್ಟಿಕ್ ಡಬ್ಬ, ಗೋಡೆಗೆ ಅಂಟಿದ ಕಿತ್ತಳೆ ಸಿಪ್ಪೆ ಮತ್ತು ಮೈಯೆಲ್ಲ ಬೆಲ್ಲದ ನೀರಾಗಿ, ತನ್ನನ್ನೇ ನೆಕ್ಕಿಕೊಳ್ಳುತ್ತಿದ್ದ ನಾಯಿ.

ಇನ್ನೊಂದು ಮನೆಯಲ್ಲಿ ಗೊಬ್ಬರ ಚೆನ್ನಾಗಿಯೇ ಬಂತು, ಹಾಳಾದದ್ದು ಆಂಥೂರಿಯಂ. ತೆಳುಗೊಳಿಸದ ಹುಳಿ ದ್ರಾವಣವನ್ನು ಕುಂಡದ ತುಂಬ ಸುರಿದಿದ್ದರಿಂದ ಎಲೆಯ ಅಂಚುಗಳು ಸುಟ್ಟ ಕಾಗದದಂತೆ ಕಂದಾಗಿ ಮುರುಟಿಕೊಂಡಿದ್ದವು. ಆಮ್ಲತೆ, ಲವಣಾಂಶ ಎಂದು ನಾನು ಗಂಟಲು ಒಣಗಿಸಿಕೊಳ್ಳುತ್ತಿದ್ದಾಗ ಆ ಮನೆಯ ಅಜ್ಜಿ ಸೊಸೆಗೆ ಒಂದೇ ಮಾತು ಹೇಳಿದರು: “ಕಾಚಂಪುಳಿಯನ್ನು ಲೋಟದಲ್ಲಿ ಕುಡಿಯುತ್ತೀಯಾ? ಪಂದಿಕರಿಗೆ ಎಷ್ಟು ಹಾಕುತ್ತೀಯೋ ಅಷ್ಟೇ ಹಾಕು.” ಕಾಚಂಪುಳಿ ಎಂದರೆ ಕೊಡಗಿನ ಹಂದಿಮಾಂಸದ ಸಾರಾದ ಪಂದಿಕರಿಗೆ ಸ್ವಲ್ಪವೇ ಹಾಕುವ ಕಡುಹುಳಿ ರಸ. ಈಗ ಎಲ್ಲ ತರಗತಿಗಳಲ್ಲೂ ನಾನು ಅಜ್ಜಿಯ ಈ ಮಾತನ್ನೇ ಹೇಳುತ್ತೇನೆ, ಅವರ ಹೆಸರೆತ್ತದೆ. ನೂರಕ್ಕೆ 46 ಪಾಲು ಸಾರಜನಕವಿರುವ ಯೂರಿಯಾಕ್ಕೆ ಈ ನೀರು ಬದಲಿಯಲ್ಲ, ಕಾಫಿ ತೋಟವಿಡೀ ಇದರಿಂದ ನಡೆಯದು ಎಂಬುದನ್ನೂ ಸೇರಿಸುತ್ತೇನೆ. ಅದು ಯಾರಿಗೂ ಕೇಳಿಸುವುದಿಲ್ಲ.

ಸಂಘದ ದೊಡ್ಡ ಡ್ರಮ್ಮಿನ ಕಥೆ ಬೇರೆ. ಆಗಸ್ಟಿನಲ್ಲಿ ಮುಚ್ಚಳ ತೆಗೆದಾಗ ಹುಳಿವಾಸನೆಗೆ ಬದಲು ಮೂಗು ಮುಚ್ಚುವಂಥ ನಾತ. ಸಿಹಿಯಿಲ್ಲದ ಸಿಪ್ಪೆ ಹುಳಿಯುವುದಿಲ್ಲ, ಕೊಳೆಯುತ್ತದೆ. ವಿಚಾರಿಸಿದಾಗ, ಗೊಬ್ಬರಕ್ಕೆಂದು ತಂದ ಬೆಲ್ಲ ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟನೇ ದಿನ ಮಾಡುವ ಮದ್ದುಸೊಪ್ಪಿನ ಪಾಯಸಕ್ಕೆ ಹೋದದ್ದು ತಿಳಿಯಿತು. ಲೆಕ್ಕಪುಸ್ತಕದಲ್ಲಿ ಅದು ‘ಗೊಬ್ಬರದ ಖರ್ಚು’ ಎಂದೇ ದಾಖಲಾಗಿದೆ. ಆ ಪಾಯಸ ನನಗೂ ಎರಡು ಬಟ್ಟಲು ಬಂದಿದ್ದರಿಂದ ನಾನು ಆಕ್ಷೇಪವೆತ್ತಲಿಲ್ಲ.