ನಾಲ್ಕನೇ ಸೀಟಿಲ್ಲದ ರೈಲು

ಟೋಕಿಯೋದಿಂದ ಮರಳಿ ಎರಡು ವಾರವಾಗಿತ್ತು. ಮುಂಬಯಿ ಹೊರವಲಯದ ಡೊಂಬಿವಲಿಯ ನಮ್ಮ ಕನ್ನಡ ಬಳಗ ರವಿವಾರ ಸಂಜೆ ಸೇರಿದಾಗ, ಚಹಾ ಬರುವ ಮೊದಲೇ ಹಿರಿಯರೊಬ್ಬರು ತೀರ್ಪು ಕೊಟ್ಟುಬಿಟ್ಟರು: “ಅವರ ರಕ್ತದಲ್ಲೇ ಶಿಸ್ತು ಇದೆ ಬಿಡಿ. ನಮ್ಮವರಿಗೆ ಏಳು ಜನ್ಮ ಎತ್ತಿದರೂ ಅದು ಬರುವುದಿಲ್ಲ.” ಕುಳಿತವರೆಲ್ಲ ತಲೆಯಾಡಿಸಿದರು. ಹೋಗಿಬಂದವನು ನಾನು, ತಲೆಯಾಡಿಸದೆ ಉಳಿದವನೂ ನಾನೊಬ್ಬನೇ.

ಇಪ್ಪತ್ಮೂರು ವರ್ಷಗಳಿಂದ ಡೊಂಬಿವಲಿಯಿಂದ ದಕ್ಷಿಣ ಮುಂಬಯಿಯ ಕೊನೆಯ ನಿಲ್ದಾಣವಾದ ಸಿಎಸ್‌ಎಂಟಿಗೆ ಲೋಕಲ್‌ನಲ್ಲಿ ಓಡಾಡಿದವನು ನಾನು. ಊರು ಕುಮಟಾ, ಅನ್ನ ಮುಂಬಯಿಯದು. ಗಾಡಿ ನಿಲ್ಲುವ ಮೊದಲೇ ಹತ್ತದಿದ್ದರೆ ಹತ್ತಲೇ ಆಗದು ಎಂಬಂಥ ಕಡೆ, ನಿಂತ ಮೇಲೆ ಹತ್ತು ಎನ್ನುವುದು ನೀತಿಪಾಠವಲ್ಲ, ನೌಕರಿ ಕಳೆದುಕೊಳ್ಳುವ ಉಪಾಯ. ನಮ್ಮ ಕಡೆಯ ಜಾಣರು ಸೀಟು ಬೇಕೆಂದರೆ ಮೊದಲು ಉಲ್ಟಾ ದಿಕ್ಕಿಗೆ ಕಲ್ಯಾಣದ ತನಕ ಹೋಗಿ, ಅದೇ ಗಾಡಿಯಲ್ಲಿ ಕುಳಿತೇ ಮುಂಬಯಿಗೆ ಬರುತ್ತಾರೆ. ಇಷ್ಟು ಲೆಕ್ಕಾಚಾರ ಮಾಡುವ ಜನರನ್ನು ಅಶಿಸ್ತಿನವರು ಎನ್ನಲು ನನಗೆ ಬಾಯಿ ಬರುವುದಿಲ್ಲ.

ದೀಪಾವಳಿ ರಜೆಯಲ್ಲಿ ಹೊರಟವರು ಐವರು: ನಾನು, ಹೆಂಡತಿ, ಹನ್ನೊಂದು ವರ್ಷದ ಮಗಳು, ಐದು ವರ್ಷದ ಮಗ, ಎಪ್ಪತ್ತೆರಡರ ಅಮ್ಮ. ಟ್ಯಾಕ್ಸಿ ಹತ್ತಬಾರದು, ಊರನ್ನು ರೈಲಿನಲ್ಲೇ ನೋಡಬೇಕು ಎಂಬುದು ಮಗಳ ಹಟ. ಟ್ಯಾಕ್ಸಿಯ ದರ ನೋಡಿದ ಮೇಲೆ ಅದು ನನ್ನ ಹಟವೂ ಆಯಿತು. ನಾವು ಉಳಿದುಕೊಂಡದ್ದು ಓತ್ಸುಕಾದಲ್ಲಿ, ಯಾಮಾನೋತೆ ಮಾರ್ಗದ ಮೇಲೆ. ಯಾಮಾನೋತೆ ಎಂದರೆ ಟೋಕಿಯೋದ ಸೊಂಟಕ್ಕೆ ಕಟ್ಟಿದ ಉಡಿದಾರ: 34.5 ಕಿಲೋಮೀಟರ್, 30 ನಿಲ್ದಾಣ, ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ಮೊದಲ ದಿನ ನಾವು ಎಲ್ಲಿಯೂ ಇಳಿಯದೆ ಒಂದು ಪೂರ್ತಿ ಸುತ್ತು ಹಾಕಿದೆವು. ಕಿಟಕಿಯ ಬಳಿ ಕುಳಿತು ರೈಲಿನಲ್ಲಿ ಸುಮ್ಮನೆ ಹೋಗುವುದು ಎಂಬ ಸುಖ ನನಗೆ ಮರೆತೇ ಹೋಗಿತ್ತು.

ಮಕ್ಕಳ ಸುಯಿಕಾ ಕಾರ್ಡನ್ನು (ಮೊದಲೇ ಹಣ ತುಂಬಿಡುವ ರೈಲು ಕಾರ್ಡು) ನಿಲ್ದಾಣದ ಗೇಟಿಗೆ ತಾಗಿಸಿದರೆ ‘ಪಿಯೊ ಪಿಯೊ’ ಎಂದು ಹಕ್ಕಿಮರಿ ಕೂಗಿದಂತೆ ಸದ್ದಾಗುತ್ತದೆ. ಆರು ತುಂಬದ ಮಗನಿಗೆ ಟಿಕೆಟ್ಟೇ ಬೇಡ, ಹಾಗಾಗಿ ಕಾರ್ಡಿಲ್ಲ, ಹಾಗಾಗಿ ಹಕ್ಕಿಯಿಲ್ಲ. ಪ್ರತಿ ಗೇಟಿನಲ್ಲೂ ಅವನು ಅತ್ತ. ಪುಕ್ಕಟೆ ಪ್ರಯಾಣ ಸಿಕ್ಕಿತೆಂದು ಅಳುವವನನ್ನು ನಾನು ಮುಂಬಯಿಯಲ್ಲಿ ಕಂಡಿಲ್ಲ.

ಅಮ್ಮನಿಗೆ ಇಷ್ಟವಾದದ್ದು ಧ್ವನಿವರ್ಧಕ. ಗಾಡಿ ಬರುವ ಮುಂಚೆ ‘ಮಾಮೊನಾಕು’ ಎಂದು ಘೋಷಣೆ ಶುರುವಾಗುತ್ತದೆ, ಅಂದರೆ ‘ಇನ್ನೇನು ಬಂತು’. ಅಮ್ಮನ ಕಿವಿಗೆ ಅದು ‘ಮಾಮಾ, ನಾಕು’. “ಯಾವ ಮಾಮ? ಏನು ನಾಕು?” ಎಂದು ಮೊಮ್ಮಕ್ಕಳನ್ನು ಕೇಳಿ ನಗಿಸಿದರು. ನಾಲ್ಕು ದಿನ ಕೇಳಿದ ಮೇಲೆ ನನಗೂ ಒಂದು ಹೊಳೆಯಿತು. ಆ ಭಾಷೆ ನಡೆಯುವ ದಾರಿ ನಮ್ಮದೇ. ಕ್ರಿಯಾಪದ ಕೊನೆಗೆ, ವಿಭಕ್ತಿಯಂಥದ್ದು ನಾಮಪದದ ಬೆನ್ನಿಗೆ. ‘ದೆಗುಚಿ ವಾ ಮಿಗಿಗಾವಾ ದೆಸು’ ಎಂಬುದನ್ನು ಪದಕ್ಕೆ ಪದ ಇಟ್ಟು ‘ನಿರ್ಗಮನ ಬಲಬದಿ ಆಗಿದೆ’ ಎಂದರೆ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಹೀಗೆ ಮಾಡಲು ಹೋದರೆ ತಲೆಕೆಳಗೆ ನಿಲ್ಲಬೇಕಾಗುತ್ತದೆ.

ಇನ್ನು ಆ ಪ್ರಸಿದ್ಧ ಸರತಿ ಸಾಲು. ನಾನು ಅದನ್ನು ಒಬ್ಬ ಲೋಕಲ್ ಪ್ರಯಾಣಿಕನ ಕಣ್ಣಿನಿಂದ ನೋಡಿದೆ. ಪ್ಲಾಟ್‌ಫಾರ್ಮಿನ ನೆಲದ ಮೇಲೆ ಬಾಗಿಲಿನ ಗುರುತು ಬಳಿದಿದ್ದಾರೆ. ಗಾಡಿಗೆ 11 ಡಬ್ಬಿ, ಡಬ್ಬಿಗೆ ಬದಿಯೊಂದಕ್ಕೆ ನಾಲ್ಕು ಬಾಗಿಲು. ಪ್ರತಿ ಸಲವೂ ಬಾಗಿಲು ಗುರುತಿನೆದುರೇ ಬಂದು ನಿಲ್ಲುತ್ತದೆ. ಇದು ತಪ್ಪಿದರೆ ಮೂರು ನಾಲ್ಕು ನಿಮಿಷಕ್ಕೆ ಇನ್ನೊಂದು. ಹೀಗಿರುವಾಗ ನುಗ್ಗಿ ಗಳಿಸುವುದೇನು? ಸಾಲಿನಲ್ಲಿ ನಿಂತವನಿಗೆ ಜಾಗ ಸಿಗುತ್ತದೆ ಎಂಬುದು ದಿನಕ್ಕೆ ನೂರು ಸಲ ಸಾಬೀತಾಗುವ ಕಡೆ ಸಾಲು ತಾನಾಗಿ ನಿಲ್ಲುತ್ತದೆ.

ರಕ್ತದ ಮಾತಿಗೆ ಬರುತ್ತೇನೆ. ನಮ್ಮ ಹಿರಿಯರಿಗೆ ಅಂದು ನಾನು ಹೇಳಿದ್ದು 1973ರ ಕಥೆ. ಆ ವರ್ಷ ಮಾರ್ಚ್ 13ರ ಬೆಳಿಗ್ಗೆ, ಟೋಕಿಯೋದ ಉತ್ತರಕ್ಕಿರುವ ಆಗೆಓ ನಿಲ್ದಾಣದಲ್ಲಿ ಕೆಲಸಕ್ಕೆ ಹೊರಟ ಜನ ದಂಗೆ ಎದ್ದರು. ರೈಲ್ವೆ ನೌಕರರು ನಿಯಮ ಹಿಡಿದು ನಿಧಾನ ಮಾಡುವ ಮುಷ್ಕರ ಹೂಡಿದ್ದರು. ಗಾಡಿ ತಡ, ಬಂದದ್ದು ಕಿಕ್ಕಿರಿದು. ಜನ ಗಾಡಿಯ ಗಾಜು ಒಡೆದರು, ನಿಲ್ದಾಣದ ಕಚೇರಿಗೆ ನುಗ್ಗಿದರು. ಮುಂದಿನ ತಿಂಗಳು 24ರ ಸಂಜೆ ಟೋಕಿಯೋ ನಗರದೊಳಗೇ ಒಂದರ ಹಿಂದೊಂದು ನಿಲ್ದಾಣದಲ್ಲಿ ಇದೇ ಆಯಿತು. ಕೋಟು, ಟೈ ಹಾಕಿದ ಅದೇ ಸಂಬಳದಾರ ಜನ. ರಕ್ತವೂ ಅದೇ ಇದ್ದಿರಬೇಕು.

ಆಗಿನ ಟೋಕಿಯೋ ನಮ್ಮ ಈಗಿನ ಮುಂಬಯಿಗೆ ಅಷ್ಟೇನೂ ದೂರವಿರಲಿಲ್ಲ. ಶಿಂಜುಕು ನಿಲ್ದಾಣದಲ್ಲಿ ಜನರನ್ನು ಒಳಗೆ ನೂಕಲು 1955ರಲ್ಲೇ ವಿದ್ಯಾರ್ಥಿಗಳನ್ನು ಕೂಲಿಗೆ ಇಟ್ಟುಕೊಂಡಿದ್ದರು. ಎಲ್ಲರಿಗೂ ಒಂದೋ ಸೀಟು ಇಲ್ಲವೇ ಹಿಡಿಕೆ ಸಿಗುವುದನ್ನು ಶೇಕಡ 100 ಎಂದು ಲೆಕ್ಕ ಹಿಡಿದರೆ, 1975ರಲ್ಲಿ ಟೋಕಿಯೋ ಸುತ್ತಿನ ಮುಖ್ಯ ಮಾರ್ಗಗಳ ದಟ್ಟಣೆ ಸರಾಸರಿ 221. 2019ರ ಹೊತ್ತಿಗೆ ಅದು 163ಕ್ಕೆ ಇಳಿಯಿತು. ಇಳಿಸಿದ್ದು ಉಪದೇಶವಲ್ಲ. 1965ರಿಂದ ಐದು ದಿಕ್ಕಿನ ಮುಖ್ಯ ಮಾರ್ಗಗಳನ್ನು ಜೋಡಿ ಹಳಿಯಿಂದ ನಾಲ್ಕು ಹಳಿಗೆ ಏರಿಸುತ್ತ ಹೋದರು. ಗಾಡಿ ಉದ್ದ ಮಾಡಿದರು. ಹೊರವಲಯದ ಗಾಡಿಗಳು ನೇರವಾಗಿ ಸುರಂಗ ಮಾರ್ಗಕ್ಕೆ ಹೋಗುವಂತೆ ಹಳಿ ಜೋಡಿಸಿದರು. ಉಪದೇಶವೂ ಇತ್ತೆನ್ನಿ. ಅಲ್ಲಿಯ ಸುರಂಗ ರೈಲಿನವರು 1974ರಿಂದ ನಡವಳಿಕೆಯ ಭಿತ್ತಿಪತ್ರ ಅಂಟಿಸುತ್ತಲೇ ಬಂದಿದ್ದಾರೆ: ಕಾಲು ಚಾಚಬೇಡಿ, ಓಡಿಬಂದು ಹತ್ತಬೇಡಿ. ರಕ್ತದಲ್ಲೇ ಇದ್ದದ್ದನ್ನು ಅರ್ಧ ಶತಮಾನ ಗೋಡೆಯ ಮೇಲೆ ಬರೆಯುವ ಅಗತ್ಯ ಯಾರಿಗಿದೆ?

ನಮ್ಮಲ್ಲಿ ಮೊದಲ ರೈಲು ಬೋರಿಬಂದರಿನಿಂದ ಠಾಣೆಗೆ ಹೊರಟದ್ದು 1853ರಲ್ಲಿ. ಅವರ ಮೊದಲ ರೈಲು ಶಿಂಬಾಶಿಯಿಂದ ಯೊಕೊಹಾಮಾಕ್ಕೆ ಹೊರಟದ್ದು 1872ರಲ್ಲಿ. ಹತ್ತೊಂಬತ್ತು ವರ್ಷ ನಾವೇ ಹಿರಿಯರು. ಆದರೆ ನಮ್ಮ ಠಾಣೆ–ದಿವಾ ನಡುವಿನ ಐದು ಮತ್ತು ಆರನೆಯ ಹಳಿ ತೆರೆದದ್ದು 2022ರ ಫೆಬ್ರುವರಿಯಲ್ಲಿ. ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ನಿಲ್ಲುವುದಕ್ಕೆ ಇಲ್ಲಿ ‘ಸೂಪರ್ ಡೆನ್ಸ್ ಕ್ರಷ್ ಲೋಡ್’ ಎಂಬ ಹೆಸರನ್ನೇ ಇಟ್ಟಿದ್ದಾರೆ. ಹೆಸರಿಟ್ಟ ಮೇಲೆ ಕಾಯಿಲೆ ಅರ್ಧ ವಾಸಿಯಾದಂತೆ ಎಂದುಕೊಂಡಿರಬೇಕು.

ಹಾಗಾದರೆ ಟೋಕಿಯೋ ಸ್ವರ್ಗವೇ? ಎರಡನೇ ದಿನ ಅಮ್ಮ ನಿಂತೇ ಇದ್ದರು. ಎದುರಿಗೆ ಹಿರಿಯರಿಗೆಂದೇ ಮೀಸಲಾದ ಸೀಟು, ಅದರಲ್ಲಿ ಇಬ್ಬರು ಯುವಕರು. ಒಬ್ಬನಿಗೆ ನಿದ್ದೆ, ಇನ್ನೊಬ್ಬನಿಗೆ ಮೊಬೈಲ್. ಮೂರು ನಿಲ್ದಾಣ ಕಳೆದವು. ಕೊನೆಗೆ ಎದ್ದವರು, ಅಮ್ಮನಿಗಿಂತಲೂ ದೊಡ್ಡವರಂತೆ ಕಂಡ ಒಬ್ಬ ಮುದುಕರು. ಅಮ್ಮ ಬೇಡವೆಂದು ಕೈ ಮುಗಿದರು, ಅವರು ಬಾಗಿ ನಮಿಸಿದರು, ಅಮ್ಮ ಮತ್ತೆ ಕೈ ಮುಗಿದರು. ಇಷ್ಟರಲ್ಲಿ ನಮ್ಮ ನಿಲ್ದಾಣವೇ ಬಂತು. ಆ ಯುವಕರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಯಾರಿಗೂ ತೊಂದರೆ ಕೊಡಬಾರದು ಎಂಬ ಪಾಠ ಅಲ್ಲಿ ಎಷ್ಟು ಪಕ್ಕಾ ಆಗಿದೆಯೆಂದರೆ, ಯಾರೂ ಯಾರನ್ನೂ ನೋಡುವುದೇ ಇಲ್ಲ. ಫೋನಿನಲ್ಲಿ ಮಾತಾಡುವಂತಿಲ್ಲ, ಇಡೀ ಡಬ್ಬಿಯಲ್ಲಿ ಸದ್ದು ಮಾಡುತ್ತಿದ್ದದ್ದು ನನ್ನ ಮಗ ಒಬ್ಬನೇ, ಅವನ ಬಾಯಿ ಮುಚ್ಚಿಸುವುದೇ ನನ್ನ ಹೆಂಡತಿಯ ಪ್ರವಾಸವಾಯಿತು.

ಅಲ್ಲಿ ನನಗೆ ನಾಲ್ಕನೇ ಸೀಟು ನೆನಪಾಯಿತು. ಲೋಕಲ್ ಅರಿಯದವರಿಗಾಗಿ ಹೇಳುತ್ತೇನೆ: ಬೆಂಚು ಇರುವುದು ಮೂವರಿಗೆ. ನಾಲ್ಕನೆಯವರು ಬಂದು “ಜರಾ ಸರಕಾ” ಎಂದರೆ ಮೂವರೂ ಒಂದೊಂದು ಬೆರಳು ಸರಿಯುತ್ತಾರೆ. ನಾಲ್ಕನೆಯವರ ಅರ್ಧ ಕುಂಡಿ ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ. ಯಾವ ನಿಯಮ ಪುಸ್ತಕದಲ್ಲೂ ಇದು ಇಲ್ಲ. ಹೆಂಗಸರ ಡಬ್ಬಿಯಲ್ಲಿ ಇದೇ ಸೀಟಿಗಾಗಿ ಜುಟ್ಟು ಹಿಡಿಯುವಷ್ಟು ಜಗಳವೂ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಕೇಳುವ ಹಕ್ಕು ಇದೆ. ಟೋಕಿಯೋದ ಏಳು ಜನರ ಸೀಟಿನಲ್ಲಿ ಎಂಟನೆಯವರಾಗಿ ಕೂರುತ್ತೇನೆ ಎಂದು ಕೇಳುವುದಕ್ಕೆ ಜಪಾನಿಯಲ್ಲಿ ಮಾತಿದೆಯೋ ಇಲ್ಲವೋ, ಕೇಳಿದವರನ್ನು ಮಾತ್ರ ನಾನು ನೋಡಲಿಲ್ಲ.

ಅಮ್ಮನ ಮಂಡಿನೋವಿಗೆ ಶಿಂಜುಕು ದೊಡ್ಡ ಪರೀಕ್ಷೆ. ಜಗತ್ತಿನಲ್ಲೇ ಅತಿ ಹೆಚ್ಚು ಜನ ಓಡಾಡುವ ನಿಲ್ದಾಣ ಅದು, 200ಕ್ಕೂ ಹೆಚ್ಚು ದ್ವಾರಗಳು. ಲಿಫ್ಟ್ ಇದೆ, ಎಲ್ಲಿದೆ ಎಂದು ಹುಡುಕಲು ಅರ್ಧ ಗಂಟೆ ಬೇಕು. ಪರಿಹಾರ ಸಿಕ್ಕಿದ್ದು ಓತ್ಸುಕಾದಿಂದ ಒಂದೇ ನಿಲ್ದಾಣದ ಆಚೆ, ಸುಗಾಮೋದಲ್ಲಿ. ಅದು ಅಜ್ಜಿಯರ ಪೇಟೆ. ಕೆಂಪು ಒಳಉಡುಪು ಆರೋಗ್ಯಕ್ಕೆ ಒಳ್ಳೆಯದೆಂದು ಅದಕ್ಕೇ ಒಂದು ಅಂಗಡಿ. ಪೇಟೆಯ ಮಧ್ಯದ ಕೋಗಾನ್‌ಜಿ ದೇವಾಲಯದಲ್ಲಿ ಕನ್ನೊನ್ ದೇವಿಯ ಒಂದು ಮೂರ್ತಿ. ನಿಮಗೆ ಎಲ್ಲಿ ನೋವಿದೆಯೋ ದೇವಿಯ ಮೈಯ ಆ ಭಾಗವನ್ನು ನೀರು ಹಾಕಿ ಬಿಳಿ ಬಟ್ಟೆಯಿಂದ ಒರೆಸಬೇಕು. ಹಿಂದೆ ಬ್ರಷ್ಷಿನಿಂದ ಉಜ್ಜುತ್ತಿದ್ದರಂತೆ. ಉಜ್ಜಿ ಉಜ್ಜಿ ಹಳೆಯ ಮೂರ್ತಿ ಸವೆದುಹೋಗಿ, 1992ರಲ್ಲಿ ಹೊಸದನ್ನು ನಿಲ್ಲಿಸಿದರು. ಸಾಲಿನಲ್ಲಿ ಅಮ್ಮನ ಮುಂದಿದ್ದ ಅಜ್ಜಿಗೆ ಸೊಂಟ, ಹಿಂದಿದ್ದವರಿಗೆ ಭುಜ. ಭಾಷೆಯಿಲ್ಲದೆ, ಬೆರಳಿನಲ್ಲಿ ತೋರಿಸಿಕೊಂಡೇ ಮೂವರೂ ಕಾಯಿಲೆಗಳನ್ನು ಹಂಚಿಕೊಂಡರು. ಹತ್ತು ದಿನಗಳಲ್ಲಿ ಟೋಕಿಯೋ ನಮ್ಮೊಡನೆ ಮಾತಾಡಿದ್ದು ಅದೊಂದೇ ಸಲ.

ಸಮಯಪಾಲನೆಯನ್ನು ಹೊಗಳುವವರು ಅಮಾಗಾಸಾಕಿಯ ಹೆಸರನ್ನೂ ಹೇಳಬೇಕು. 2005ರ ಏಪ್ರಿಲ್ 25ರಂದು, ಒಸಾಕಾದ ಸಮೀಪದ ಆ ಊರಿನಲ್ಲಿ, ಸುಮಾರು ಒಂದೂವರೆ ನಿಮಿಷ ತಡವಾಗಿದ್ದ ಗಾಡಿ ತಿರುವಿನಲ್ಲಿ ಮಿತಿಮೀರಿದ ವೇಗದಲ್ಲಿ ಹಳಿ ತಪ್ಪಿತು. ಸತ್ತವರು 107, ಅವರಲ್ಲಿ 23 ವರ್ಷದ ಚಾಲಕನೂ ಒಬ್ಬ. ತಪ್ಪು ಮಾಡಿದ ಚಾಲಕರನ್ನು ‘ಮರುಶಿಕ್ಷಣ’ದ ಹೆಸರಿನಲ್ಲಿ ಅವಮಾನಿಸುವ ಪದ್ಧತಿಯ ಭಯ ಅವನ ಮನಸ್ಸಿನಲ್ಲಿತ್ತು ಎಂಬುದು ತನಿಖೆಯಲ್ಲಿ ಹೊರಬಂತು. ಹಾಗೆಂದು ಇತ್ತ ನಾವು ಬೀಗುವಂತಿಲ್ಲ. ಮುಂಬಯಿಯ ಲೋಕಲ್ ಮಾರ್ಗಗಳಲ್ಲಿ ಹಳಿ ದಾಟುವಾಗ, ಬಾಗಿಲಿನಿಂದ ಬಿದ್ದು, ಇನ್ನಿತರ ಕಾರಣಗಳಿಂದ ಸಾಯುವವರು ಎಲ್ಲ ಸೇರಿ ವರ್ಷಕ್ಕೆ ಎರಡು ಸಾವಿರಕ್ಕೂ ಮೇಲೆ. ಅಲ್ಲಿ 107 ಜನರ ಸಾವಿಗೆ ದೇಶ ಇಂದಿಗೂ ಲೆಕ್ಕ ಕೇಳುತ್ತಿದೆ. ಇಲ್ಲಿ ನಾವು ‘ಗಾಡಿ ಯಾಕೆ ನಿಂತಿತು’ ಎಂದು ಕೇಳಿ, ಉತ್ತರ ಸಿಕ್ಕಿದ ಮೇಲೆ ಗಡಿಯಾರ ನೋಡುತ್ತೇವೆ. ನಾನೂ ನೋಡಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ಮುಂಬಯಿಯ ಪರ ನಾನು ಗಟ್ಟಿಯಾಗಿ ಮಾತಾಡುತ್ತೇನೆ. ಲೋಕಲ್‌ನ ಕನಿಷ್ಠ ದರ ಐದು ರೂಪಾಯಿ. ಟೋಕಿಯೋದ ಕನಿಷ್ಠ ದರವನ್ನು ರೂಪಾಯಿಗೆ ಪರಿವರ್ತಿಸಿದರೆ ಅದರ ಹದಿನೈದು ಪಟ್ಟನ್ನೂ ಮೀರುತ್ತದೆ. ಅಲ್ಲಿ ನೌಕರರ ಪಾಸಿನ ಹಣವನ್ನು ಸಾಮಾನ್ಯವಾಗಿ ಕಂಪನಿಗಳೇ ಕೊಡುತ್ತವೆ, ರೈಲು ಕಂಪನಿಗಳು ನಿಲ್ದಾಣದ ಮೇಲೆ ಮಳಿಗೆ ಕಟ್ಟಿ ಗಳಿಸುತ್ತವೆ. ನಮ್ಮ ಮನೆಗೆಲಸಕ್ಕೆ ಬದ್ಲಾಪುರದಿಂದ ಬರುವಾಕೆಯ ಪಾಸಿಗೆ ಯಾವ ಕಂಪನಿ ಹಣ ಕೊಡುತ್ತದೆ? ಹಳಿ ಬೇಕು, ಗಾಡಿ ಬೇಕು, ಬಾಗಿಲು ಮುಚ್ಚಬೇಕು. ಆದರೆ ಅದರ ಬಿಲ್ಲನ್ನು ಅವಳ ಸೆರಗಿಗೆ ಕಟ್ಟುವಂತಿಲ್ಲ. ಅಂದು ಬಳಗದಲ್ಲಿ ಇದನ್ನು ಹೇಳಿದಾಗ ಹಿರಿಯರು ಒಪ್ಪಲಿಲ್ಲ. ದರ ಏರಿಸಿದರೆ ಜನ ತಾವೇ ಶಿಸ್ತು ಕಲಿಯುತ್ತಾರೆ ಎಂದರು. ಅವರ ಮಗ ಕಾರಿನಲ್ಲಿ ಕರೆದೊಯ್ಯಲು ಬಂದ, ವಾದ ಅಲ್ಲಿಗೇ ನಿಂತಿತು.

ಮರುವಾರ ಮಗಳನ್ನು ಕರೆದುಕೊಂಡು ಮಾಟುಂಗಕ್ಕೆ ಹೊರಟೆ. ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಅವಳು ನೆಲ ನೋಡುತ್ತ ನಡೆದಳು, ಬಾಗಿಲಿನ ಗುರುತಿಗಾಗಿ. ದಿನಾ ಬರುವವರೊಬ್ಬರು ಅವಳನ್ನು ಗಮನಿಸಿ, “ಬಾಳ, ಇಕಡೆ” ಎಂದು ವಡಾಪಾವ್ ಅಂಗಡಿಯ ಆಚೆಯ ಎರಡನೇ ಕಂಬವನ್ನು ತೋರಿಸಿದರು. ಗಾಡಿ ಬಂತು. ಬಾಗಿಲು ಕಂಬದ ಎದುರಿಗೇ, ಒಂದು ಅಡಿಯೂ ಹೆಚ್ಚುಕಡಿಮೆಯಿಲ್ಲದೆ ನಿಂತಿತು. ಒಳಗೆ ಹೋಗಲು ಮಾತ್ರ ನಮಗೆ ಮೂರನೇ ಗಾಡಿಯವರೆಗೆ ಕಾಯಬೇಕಾಯಿತು.